ನೋಡುವುದೂ ಒಂದು ವಿದ್ಯೆ

‘ದೇಶ ಸುತ್ತು, ಕೋಶ ಓದು’ ಎಂಬುದು ಹಿರಿಯರ ಮಾತು. ಕೋಶವನ್ನು ಓದುವುದಕ್ಕೆ ಅಕ್ಷರಜ್ಞಾನ ಹೇಗೆ ಬೇಕೋ, ದೇಶವನ್ನು ಸುತ್ತುವುದಕ್ಕೂ ಹಾಗೆಯೇ ಒಂದು ಬಗೆಯ ಜ್ಞಾನ ಬೇಕು. ಬೆಳಗಿನಿಂದ ಸಂಜೆಯವರೆಗೆ ಹತ್ತು ಊರುಗಳನ್ನು ಕಂಡು ಮರಳಿದ ಬಾಲಕನು ಊರುಗಳ ಹೆಸರನ್ನಷ್ಟೇ ಹೇಳಬಲ್ಲನಾದರೆ ಅವನು ಸುತ್ತಿದ್ದಾನೆಯೇ ಹೊರತು ನೋಡಿಲ್ಲ. ‘ಇದು ಇಲ್ಲಿಯೇ ಏಕೆ ಹುಟ್ಟಿತು?’ ಎಂಬ ಪ್ರಶ್ನೆಯಿಂದಲೇ ನಿಜವಾದ ನೋಟ ಆರಂಭವಾಗುತ್ತದೆ. ಈ ಮಾತಿಗೆ ಕರ್ನಾಟಕದ ಕರಾವಳಿಯು ಒಳ್ಳೆಯ ನಿದರ್ಶನವಾಗಿದೆ.

ಪೂರ್ವಕ್ಕೆ ಸಹ್ಯಾದ್ರಿ, ಪಶ್ಚಿಮಕ್ಕೆ ಅರಬ್ಬೀ ಸಮುದ್ರ. ಇವೆರಡರ ನಡುವಿನ ಕಿರಿದಾದ ನಾಡು ಇದು. ಮಂಗಳೂರು, ಉಡುಪಿಗಳ ಸುತ್ತಮುತ್ತ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳುಗಳಲ್ಲಿಯೇ ಬೀಳುತ್ತದೆ. ಕನ್ನಡ, ತುಳು, ಕೊಂಕಣಿ, ಬ್ಯಾರಿ ಮೊದಲಾದ ಭಾಷೆಗಳನ್ನಾಡುವ ಜನ ಇಲ್ಲಿ ಕೂಡಿ ಬಾಳುತ್ತಿದ್ದಾರೆ. ಇಲ್ಲಿನ ಕಟ್ಟಡಗಳು, ಕಸುಬುಗಳು, ಕಲೆಗಳು ಇವೆಲ್ಲವುಗಳ ಮೇಲೆ ಮಳೆ ಮತ್ತು ಕಡಲಿನ ಮುದ್ರೆ ಬಿದ್ದಿದೆ.

ಮಂಗಳೂರಿನಿಂದ ಸುಮಾರು 35 ಕಿಲೋಮೀಟರು ದೂರದಲ್ಲಿರುವ ಮೂಡಬಿದಿರೆಯು ಜೈನಧರ್ಮದ ಪ್ರಸಿದ್ಧ ಕ್ಷೇತ್ರ. 1430ರಲ್ಲಿ ನಿರ್ಮಾಣ ಆರಂಭವಾದ ‘ತ್ರಿಭುವನ ತಿಲಕ ಚೂಡಾಮಣಿ’ ಬಸದಿಯನ್ನು ಜನರು ಸಾವಿರ ಕಂಬದ ಬಸದಿ ಎಂದು ಕರೆಯುತ್ತಾರೆ. ಇಲ್ಲಿಗೆ ಬಂದ ಮಕ್ಕಳು ಮೊದಲು ಕಂಬಗಳನ್ನು ಎಣಿಸಲು ತೊಡಗುವುದು ಸಹಜ. ಎಣಿಕೆ ತಪ್ಪಿದ ಮೇಲೆ ತಲೆಯೆತ್ತಿ ಮಾಡನ್ನು ನೋಡಿದರೆ ಬೇರೊಂದು ಸಂಗತಿ ಕಾಣುತ್ತದೆ. ಬೇಲೂರು, ಹಳೇಬೀಡುಗಳ ದೇವಾಲಯಗಳ ಮಾಡು ಸಮತಟ್ಟಾಗಿದೆ. ಇಲ್ಲಿಯಾದರೋ ಅದು ಇಳಿಜಾರು. ಮೇಲಿನ ಅಂತಸ್ತುಗಳಲ್ಲಿ ಮರದ ಬಳಕೆಯೇ ಹೆಚ್ಚು. ಸುರಿದ ನೀರು ಕ್ಷಣವೂ ನಿಲ್ಲದೆ ಹರಿದುಹೋಗಬೇಕೆಂಬ ವಿವೇಕವು ಶಿಲ್ಪಿಯ ಕೈಯನ್ನು ನಡೆಸಿದೆ. ಶಿಲ್ಪಶಾಸ್ತ್ರದೊಡನೆ ಮಳೆಯೂ ಈ ಬಸದಿಯ ರೂಪವನ್ನು ನಿರ್ಧರಿಸಿತು.

ಅದೇ ಬಸದಿಯ ಭೈರಾದೇವಿ ಮಂಟಪದ ತಳಭಾಗದಲ್ಲಿ ನೀಳವಾದ ಕತ್ತಿನ ಜಿರಾಫೆಯ ಕೆತ್ತನೆಯಿದೆ. ಚೀನಾ ದೇಶದ ಡ್ರ್ಯಾಗನ್ನನ್ನು ಹೋಲುವ ಪ್ರಾಣಿಯೂ ಇದೆ. ಜಿರಾಫೆಯು ಭಾರತದ ಕಾಡುಗಳಲ್ಲಿ ವಾಸಿಸುವ ಪ್ರಾಣಿಯಲ್ಲ. ಅದರ ನೆಲೆ ಆಫ್ರಿಕ. ಹಾಗಾದರೆ ಕರಾವಳಿಯ ಶಿಲ್ಪಿಗೆ ಅದರ ಪರಿಚಯವಾದುದು ಹೇಗೆ? ಈ ಪ್ರಶ್ನೆಗೆ ಉತ್ತರ ಕಡಲಿನ ಕಡೆಗೆ ಕೈದೋರುತ್ತದೆ. ಮಂಗಳೂರು, ಬಾರಕೂರು, ಬಸರೂರುಗಳು ಅಂದು ಹೆಸರಾಂತ ವ್ಯಾಪಾರ ಕೇಂದ್ರಗಳಾಗಿದ್ದವು. ಅಕ್ಕಿ, ಮೆಣಸುಗಳನ್ನು ಹೊತ್ತು ಹಡಗುಗಳು ದೂರದೇಶಗಳಿಗೆ ತೆರಳುತ್ತಿದ್ದವು. ಸರಕಿನೊಡನೆ ಸುದ್ದಿಗಳೂ ಚಿತ್ರಗಳೂ ಬಂದಿರಬೇಕು. ಅಂಗೈಯಗಲದ ಒಂದು ಕೆತ್ತನೆ ಹೀಗೆ ಭೂಪಟವನ್ನೇ ಬಿಡಿಸಿಡುತ್ತದೆ.

ಮೂಡಬಿದಿರೆಗೆ ಸಮೀಪದ ಕಾರ್ಕಳದಲ್ಲಿ ಬಂಡೆಯ ಗುಡ್ಡದ ಮೇಲೆ ಸುಮಾರು 42 ಅಡಿ ಎತ್ತರದ ಗೊಮ್ಮಟೇಶ್ವರನು ನಿಂತಿದ್ದಾನೆ. 1432ರಲ್ಲಿ ವೀರಪಾಂಡ್ಯನೆಂಬ ಅರಸನು ಈ ಏಕಶಿಲಾ ವಿಗ್ರಹವನ್ನು ಪ್ರತಿಷ್ಠಾಪಿಸಿದನು. ಮೆಟ್ಟಿಲೇರಿ ದಣಿದ ಮಕ್ಕಳಿಗೆ, ಯಂತ್ರಗಳಿಲ್ಲದ ಆ ಕಾಲದಲ್ಲಿ ಇಂಥ ಕಾರ್ಯವು ಹೇಗೆ ಸಾಧ್ಯವಾಯಿತೆಂಬ ಬೆರಗು ತಾನಾಗಿಯೇ ಮೂಡುತ್ತದೆ.

ಹಳೆಯ ಕಾಲದ ಗುಡಿ ಬಸದಿಗಳು ಮಾತ್ರವೇ ಸಂಸ್ಕೃತಿಯಲ್ಲ. ತಲೆಯ ಮೇಲಿನ ಹೆಂಚೂ ಸಂಸ್ಕೃತಿಯೇ. 1865ರಲ್ಲಿ ಬಾಸೆಲ್ ಮಿಶನ್ ಸಂಸ್ಥೆಯವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದರು. ನದೀತೀರದ ಜೇಡಿಮಣ್ಣು, ಮಲೆನಾಡಿನ ಸೌದೆ, ಸಾಗಣೆಗೆ ಬಂದರು. ಇವು ಮೂರೂ ಇಲ್ಲಿ ಒದಗಿದವು. ಈ ಹೆಂಚುಗಳಲ್ಲಿ ಒಂದರ ಅಂಚು ಇನ್ನೊಂದರ ತೋಡಿನಲ್ಲಿ ಭದ್ರವಾಗಿ ಕುಳಿತುಕೊಳ್ಳುವುದರಿಂದ ಗಾಳಿಮಳೆಗೆ ಮಾಡು ಸೋರುವುದಿಲ್ಲ. ಇದೇ ಸಂಸ್ಥೆಯ ಹೆರ್ಮನ್ ಮೋಗ್ಲಿಂಗ್ 1843ರಲ್ಲಿ ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದನು. ಫರ್ಡಿನಂಡ್ ಕಿಟ್ಟೆಲನ ನಿಘಂಟು 1894ರಲ್ಲಿ ಇಲ್ಲಿಯೇ ಮುದ್ರಣವಾಯಿತು. ಕಾಂಕ್ರೀಟಿನ ಮನೆಗಳು ಹೆಚ್ಚಿದಂತೆ ಹೆಂಚಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿಹೋಗಿವೆ. ಆದರೂ ಹಳೆಯ ಮನೆಯಿಂದ ಇಳಿಸಿದ ಹೆಂಚೊಂದನ್ನು ತಿರುವಿ ನೋಡಿದರೆ ಅದನ್ನು ಮಾಡಿದ ಕಾರ್ಖಾನೆಯ ಹೆಸರು ಅಚ್ಚೊತ್ತಿರುವುದು ಕಾಣುತ್ತದೆ. ಓದಬಲ್ಲವನಿಗೆ ಅದೂ ಒಂದು ಶಾಸನ.

ಹಗಲಿನ ಪ್ರವಾಸಕ್ಕೆ ಯಕ್ಷಗಾನವು ತಕ್ಕ ಮುಕ್ತಾಯ. ಚಂಡೆ ಮದ್ದಳೆಗಳ ನಾದ, ಭಾಗವತರ ಹಾಡು, ವೇಷಗಳ ವೈಭವ ಮಕ್ಕಳನ್ನು ಬಹುಬೇಗ ಸೆರೆಹಿಡಿಯುತ್ತವೆ. ಅನುಮತಿ ಪಡೆದು ಚೌಕಿಯ ಬಳಿ ನಿಂತರೆ, ಕಲಾವಿದನು ತನ್ನ ಮುಖಕ್ಕೆ ತಾನೇ ಬಣ್ಣ ಬರೆದುಕೊಳ್ಳುತ್ತ ಕ್ರಮೇಣ ರಾಕ್ಷಸನಾಗುವುದನ್ನೂ ರಾಜನಾಗುವುದನ್ನೂ ನೋಡಬಹುದು. ಈ ಕಲೆಗೂ ಮಳೆಯೇ ಕಾಲವನ್ನು ಗೊತ್ತುಪಡಿಸಿದೆ. ಮಳೆ ಹಿಂದೆ ಸರಿದ ಮೇಲೆ ಮೇಳಗಳು ತಿರುಗಾಟಕ್ಕೆ ಹೊರಡುತ್ತವೆ. ಮೇ ತಿಂಗಳ ಕೊನೆಗೆ ಬರುವ ಪತ್ತನಾಜೆಯಂದು ಗೆಜ್ಜೆ ಬಿಚ್ಚುತ್ತವೆ. ಹಿಂದೆ ಆಟವು ಬೆಳಗಿನವರೆಗೆ ನಡೆಯುತ್ತಿತ್ತು. ಈಗ ಹಲವು ಮೇಳಗಳು ನಡುರಾತ್ರಿಯೊಳಗೆ ಪ್ರಸಂಗವನ್ನು ಮುಗಿಸುವ ಕಾಲಮಿತಿಯ ಪದ್ಧತಿಯನ್ನು ಅನುಸರಿಸುವುದರಿಂದ ಮಕ್ಕಳಿಗೂ ನೋಡಲು ಅನುಕೂಲವಾಗಿದೆ.

ಮಕ್ಕಳ ಕುತೂಹಲವನ್ನು ಗೌರವಿಸಿದವರಲ್ಲಿ ಶಿವರಾಮ ಕಾರಂತರು (1902–1997) ಅಗ್ರಗಣ್ಯರು. ಪುತ್ತೂರಿನಲ್ಲಿ ‘ಬಾಲವನ’ವನ್ನು ಸ್ಥಾಪಿಸಿದ ಅವರು ‘ಬಾಲಪ್ರಪಂಚ’ವೆಂಬ ಮೂರು ಸಂಪುಟಗಳನ್ನು ಮಕ್ಕಳಿಗಾಗಿಯೇ ರಚಿಸಿದರು. ಯಕ್ಷಗಾನದ ಅಧ್ಯಯನಕ್ಕೂ ಅವರು ಬಹುಕಾಲ ಶ್ರಮಿಸಿದರು.

ಇಂಥ ಪ್ರವಾಸಕ್ಕೆ ಹೆಚ್ಚು ಹಣ ಬೇಕಿಲ್ಲ, ಸಿದ್ಧತೆ ಬೇಕು. ಮಳೆಗಾಲವನ್ನು ಬಿಟ್ಟು ಹೊರಡುವುದು ಕ್ಷೇಮ. ಒಂದು ದಿನಕ್ಕೆ ಒಂದೆರಡು ಸ್ಥಳಗಳು ಸಾಕು; ಕಿರಿಯ ಮಕ್ಕಳ ಕಾಲು ಸೋತರೆ ಕಣ್ಣೂ ಸೋಲುತ್ತದೆ. ಪೂಜಾಸ್ಥಳಗಳ ನಿಯಮವನ್ನು ಪಾಲಿಸಬೇಕು. ಆ ಊರಿನ ಹಿರಿಯರನ್ನು ವಿನಯದಿಂದ ವಿಚಾರಿಸಿ, ಕೇಳಿದ್ದನ್ನು ಬರೆದಿಟ್ಟುಕೊಳ್ಳಬೇಕು.

ಶತಮಾನಗಳ ಮಳೆಯನ್ನು ತಡೆದು ನಿಂತ ಕಲ್ಲು ಒಂದು ಮೊಳೆಯ ತುದಿಗೆ ಸೋಲುತ್ತದೆ. ಸ್ಮಾರಕದ ಗೋಡೆಯ ಮೇಲೆ ತನ್ನ ಹೆಸರನ್ನು ಕೆತ್ತುವವನು ದುಷ್ಟನೇ ಆಗಿರಬೇಕೆಂದಿಲ್ಲ. ಆ ಗೋಡೆಯನ್ನು ನೋಡಲು ಅವನಿಗೆ ಯಾರೂ ಕಲಿಸಲಿಲ್ಲ. ಕಲ್ಲಿನಲ್ಲಿ ಅಡಗಿರುವ ಜಿರಾಫೆಯನ್ನು ಹುಡುಕಿ ಕಂಡ ಬಾಲಕನ ಕೈ ಆ ಕಲ್ಲಿಗೆ ಗಾಯ ಮಾಡಲಾರದು. ಪರಂಪರೆಯನ್ನು ಕಾಯಲು ಬೇಲಿ, ಕಾನೂನುಗಳು ಬೇಕು. ಆದರೆ ಅದನ್ನು ಅರಿತು ನೋಡುವ ಕಣ್ಣುಗಳಿಗಿಂತ ಬಲವಾದ ಕಾವಲು ಬೇರೊಂದಿಲ್ಲ.