ಚಂದ್ರಿಯ ಪಾತ್ರಧಾರಿಣಿ ಮತ್ತು ಸೆರೆಮನೆಯ ದಿನಚರಿ

ಚೆನ್ನೈಯ ಮಾಧವರಂ ಮೊದಲಾದ ಬಡಾವಣೆಗಳಲ್ಲಿ ನೆಲಸಿದ ಕನ್ನಡಿಗರಿಗೆ ‘ಸಂಸ್ಕಾರ’ ಚಲನಚಿತ್ರದ ಚಂದ್ರಿ ಅಪರಿಚಿತಳಲ್ಲ. ಆ ಪಾತ್ರವನ್ನು ವಹಿಸಿದ ಸ್ನೇಹಲತಾ ರೆಡ್ಡಿಯವರ ಬದುಕು ಮಾತ್ರ ಅಷ್ಟಾಗಿ ಪರಿಚಿತವಲ್ಲ. ಇತಿಹಾಸಜ್ಞೆ ಉಮಾ ಚಕ್ರವರ್ತಿಯವರು 2019ರಲ್ಲಿ ನಿರ್ದೇಶಿಸಿದ ‘ಪ್ರಿಸನ್ ಡೈರೀಸ್’ ಎಂಬ ಸಾಕ್ಷ್ಯಚಿತ್ರಕ್ಕೆ ಆ ಬದುಕೇ ವಸ್ತು. ಅದರ ಪ್ರದರ್ಶನಕ್ಕೆ ಹೋಗುವವರು ಹಿನ್ನೆಲೆಯನ್ನು ಅರಿತಿರುವುದು ಉಚಿತ.

ಸ್ನೇಹಲತಾ 1932ರಲ್ಲಿ ಆಂಧ್ರದಲ್ಲಿ ಜನಿಸಿದರು. ಪತಿ ಪಟ್ಟಾಭಿರಾಮ ರೆಡ್ಡಿಯವರು ತೆಲುಗಿನ ನವ್ಯಕವಿ. ಮದರಾಸಿನ ‘ಮದ್ರಾಸ್ ಪ್ಲೇಯರ್ಸ್’ ನಾಟಕಮಂಡಲಿಯ ಸ್ಥಾಪಕರಲ್ಲಿ ಸ್ನೇಹಲತಾ ಒಬ್ಬರು. ಆಗ ಮದರಾಸಿನಲ್ಲಿ ಉದ್ಯೋಗದಲ್ಲಿದ್ದ ಗಿರೀಶ ಕಾರ್ನಾಡರೂ ಆ ಬಳಗದವರೇ. ಅನಂತಮೂರ್ತಿಯವರ 1965ರ ಕಾದಂಬರಿಯು 1970ರಲ್ಲಿ ಚಿತ್ರವಾದದ್ದು ಈ ಗೆಳೆತನದಿಂದ. ನಿರ್ದೇಶನ ಪಟ್ಟಾಭಿಯವರದು; ಚಿತ್ರಕಥೆಯೂ ಪ್ರಾಣೇಶಾಚಾರ್ಯನ ಪಾತ್ರವೂ ಕಾರ್ನಾಡರವು. ಮದರಾಸಿನ ಸೆನ್ಸಾರ್ ಮಂಡಲಿ ಮೊದಲು ತಡೆಹಿಡಿದ ಆ ಚಿತ್ರಕ್ಕೇ ತರುವಾಯ ರಾಷ್ಟ್ರಪತಿಗಳ ಸ್ವರ್ಣಪದಕ ದೊರೆಯಿತು.

ದಂಪತಿಗಳು ಲೋಹಿಯಾ ಅವರ ಸಮಾಜವಾದವನ್ನು ಒಪ್ಪಿದವರು. ಮಂಗಳೂರಿನವರಾದ ಜಾರ್ಜ್ ಫರ್ನಾಂಡಿಸರ ಸ್ನೇಹಿತರು. 1975ರ ಜೂನ್ 25ರಂದು ತುರ್ತುಪರಿಸ್ಥಿತಿ ಘೋಷಿತವಾದ ಮೇಲೆ ಫರ್ನಾಂಡಿಸರು ಭೂಗತರಾದರು. ಬರೋಡ ಡೈನಮೈಟ್ ಮೊಕದ್ದಮೆಯ ಸಂಬಂಧವಾಗಿ ಪೊಲೀಸರು 1976ರ ಮೇ 2ರಂದು ಸ್ನೇಹಲತಾ ಅವರನ್ನು ಬಂಧಿಸಿದರು. ಅಂತಿಮ ಆರೋಪಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಆದರೂ ಮೀಸಾ ಕಾಯಿದೆಯನ್ವಯ ಸೆರೆ ಮುಂದುವರಿಯಿತು. ಬಂಧನಕ್ಕೆ ನಾಲ್ಕು ದಿನ ಮುಂಚೆ, ಏಪ್ರಿಲ್ 28ರಂದು, ಇಂತಹ ಬಂಧಿತರು ಹೇಬಿಯಸ್ ಕಾರ್ಪಸ್ ಅರ್ಜಿಯ ಮೂಲಕ ಬಿಡುಗಡೆ ಕೋರಲಾರರೆಂದು ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತ್ತು. ತಾವು ನಿರಪರಾಧಿಯೆಂದು ಹೇಳಿಕೊಳ್ಳಲು ಅವರಿಗೆ ಕಟಕಟೆಯೇ ಉಳಿದಿರಲಿಲ್ಲ.

ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ, ಎಂದರೆ ಇಂದಿನ ಫ್ರೀಡಂ ಪಾರ್ಕಿನ ಸ್ಥಳದಲ್ಲಿ, ಅವರು ಎಂಟು ತಿಂಗಳಿಗೂ ಮಿಕ್ಕಿ ಕಳೆದರು. ಉಬ್ಬಸದಿಂದ ನರಳುತ್ತಿದ್ದರೂ ಸಹಬಂದಿನಿಯರಿಗೆ ಹಾಡು, ನಾಟಕಗಳನ್ನು ಕಲಿಸಿದರು. ಅವರ ಮೇಲಿನ ಹೊಡೆತಬಡಿತಗಳನ್ನು ಪ್ರತಿಭಟಿಸಿದರು. ಆಗ ಬರೆದ ದಿನಚರಿ 1977ರಲ್ಲಿ ಪ್ರಕಟವಾಯಿತು. ಆ ವರ್ಷದ ಜನವರಿ 15ರಂದು ಅವರನ್ನು ಪೆರೋಲಿನ ಮೇಲೆ ಬಿಡಲಾಯಿತು; 18ರಂದು ಲೋಕಸಭಾ ಚುನಾವಣೆ ಘೋಷಿತವಾಯಿತು; 20ರಂದು ಅವರು ತೀರಿಕೊಂಡರು. ಸೆರೆಗೆ ಕಾರಣ ಗೆಳೆತನ, ಸಾವಿಗೆ ಕಾರಣ ಸೆರೆಯಲ್ಲಿ ಉಲ್ಬಣಿಸಿದ ವ್ಯಾಧಿ. ರಾಜಕೀಯ ಜೀವನವೇ ಬೇರೆ, ಖಾಸಗಿ ಜೀವನವೇ ಬೇರೆ ಎಂಬ ವಿಭಾಗವು ಇಲ್ಲಿ ನಿಲ್ಲುವುದಿಲ್ಲ.

ಮೀಸಾ 1978ರಲ್ಲಿ ರದ್ದಾಯಿತು. 1976ರ ಆ ತೀರ್ಪನ್ನು ಸರ್ವೋಚ್ಚ ನ್ಯಾಯಾಲಯವೇ 2017ರಲ್ಲಿ ತಳ್ಳಿಹಾಕಿತು. ಆದರೆ ವಿಚಾರಣೆಯಿಲ್ಲದ ಮುಂಜಾಗ್ರತಾ ಬಂಧನಕ್ಕೆ ಸಂವಿಧಾನದ 22ನೆಯ ವಿಧಿಯಲ್ಲಿ ಇಂದಿಗೂ ಅವಕಾಶವಿದೆ. ಆದುದರಿಂದ ಈ ಚಿತ್ರವನ್ನು ಕೇವಲ ಕರುಣಕಥೆಯೆಂದು ನೋಡತಕ್ಕದ್ದಲ್ಲ. ‘ಸಂಸ್ಕಾರ’ದಲ್ಲಿ ಪಂಡಿತರು ಧರ್ಮಸೂಕ್ಷ್ಮವನ್ನು ಚರ್ಚಿಸುತ್ತಿರುವಾಗ ಶವದಹನ ಮಾಡಿಸಿದವಳು ಚಂದ್ರಿ. ನ್ಯಾಯದ ಬಾಗಿಲು ಮುಚ್ಚಿದ್ದಾಗಲೂ ತಮ್ಮ ಪಾಲಿನ ಕರ್ತವ್ಯವನ್ನು ಬಿಡದ ಸ್ನೇಹಲತಾ ಅವರಲ್ಲಿ ಕಾಣುವುದೂ ಅದೇ ಧೈರ್ಯ.