ಕೂಸಿನ ನೋವಿಗೆ ರಕ್ತವೇ ಸಾಕ್ಷಿ

ಆಪರೇಷನ್‌ಗೆ ಹೋಗುವಾಗ ತಕ್ಕಮಟ್ಟಿಗೆ ಚೆನ್ನಾಗಿದ್ದ ಕೂಸು ಮರಳಿ ಬರುವಾಗ ಇಷ್ಟೊಂದು ಹದಗೆಟ್ಟಿರುವುದೇಕೆ? 1980ರ ದಶಕದ ಆರಂಭದಲ್ಲಿ ಆಕ್ಸ್‌ಫರ್ಡ್‌ನ ನವಜಾತ ಶಿಶು ಘಟಕದಲ್ಲಿದ್ದ ಕನ್ವಲ್‌ಜೀತ್ ಸಿಂಗ್ ಆನಂದ್ ಅವರನ್ನು ಕಾಡಿದ ಪ್ರಶ್ನೆ ಇದು. ಇಂದೋರ್‌ನಲ್ಲಿ ವೈದ್ಯಕೀಯ ಓದಿ, ರೋಡ್ಸ್ ವಿದ್ಯಾರ್ಥಿವೇತನದ ಮೇಲೆ ಅಲ್ಲಿಗೆ ಹೋಗಿದ್ದ ಯುವಕ.

ಉತ್ತರ ಆಪರೇಷನ್ ಥಿಯೇಟರಿನಲ್ಲೇ ಇತ್ತು. ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗೆ ಆಗ ಸಾಮಾನ್ಯವಾಗಿ ಕೊಡುತ್ತಿದ್ದುದು ಸ್ನಾಯುಗಳನ್ನು ನಿಶ್ಚಲಗೊಳಿಸುವ ಕ್ಯುರಾರೆ ಜಾತಿಯ ಔಷಧ, ಜೊತೆಗೆ ನೈಟ್ರಸ್ ಆಕ್ಸೈಡ್ ಎಂಬ ಸೌಮ್ಯ ಅರಿವಳಿಕೆ ಅನಿಲ. ಕೂಸು ಮಿಸುಕುವಂತಿಲ್ಲ, ಅಳುವಂತಿಲ್ಲ. ನರಗಳ ಮೇಲಿನ ಮಯಲಿನ್ ಹೊದಿಕೆ ಪೂರ್ತಿ ಬೆಳೆಯದ ಶಿಶುವಿಗೆ ನೋವು ತಿಳಿಯದು ಎಂಬ ನಂಬಿಕೆ ಬಲವಾಗಿತ್ತು. ಅದನ್ನು ಬರೀ ಕ್ರೌರ್ಯ ಎನ್ನಲಾರೆ: ಪೂರ್ಣ ಅರಿವಳಿಕೆ ಕೊಟ್ಟರೆ ಇಷ್ಟು ಸಣ್ಣ ಜೀವ ಉಳಿಯುವುದಿಲ್ಲ ಎಂಬ ನಿಜವಾದ ಭಯವೂ ವೈದ್ಯರಿಗಿತ್ತು.

ಅಳಲಾಗದ ಕೂಸಿನ ನೋವನ್ನು ತೋರಿಸಿಕೊಡುವುದು ಹೇಗೆ? ಆನಂದ್ ರಕ್ತದ ಕಡೆ ನೋಡಿದರು. ಸ್ನಾಯುಗಳನ್ನು ಕಟ್ಟಿಹಾಕಿದರೂ ಅಡ್ರಿನಲಿನ್‌ನಂಥ ಒತ್ತಡದ ಹಾರ್ಮೋನು ಸುಮ್ಮನಿರುವುದಿಲ್ಲ. ಸಹಸಂಶೋಧಕರಾದ ಸಿಪ್ಪೆಲ್, ಐನ್ಸ್ಲೀ-ಗ್ರೀನ್ ಜೊತೆಗೂಡಿ, ಹೃದಯದ ಬಳಿ ಮುಚ್ಚದೆ ಉಳಿದ ರಕ್ತನಾಳವನ್ನು ಕಟ್ಟುವ ಶಸ್ತ್ರಚಿಕಿತ್ಸೆಗೆ ಬಂದ ಅಕಾಲಿಕ ಶಿಶುಗಳನ್ನು ಎರಡು ಗುಂಪು ಮಾಡಿದರು. ಎರಡಕ್ಕೂ ಅಂದಿನ ವಾಡಿಕೆಯ ಔಷಧಗಳೇ. ಒಂದಕ್ಕೆ ಮಾತ್ರ ಹೆಚ್ಚುವರಿಯಾಗಿ ಫೆಂಟನಿಲ್ ಎಂಬ ಪ್ರಬಲ ನೋವುನಿವಾರಕ. 1987ರ ಆರಂಭದಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಫಲಿತಾಂಶ ಬಂತು. ಫೆಂಟನಿಲ್ ಸಿಗದ ಕೂಸುಗಳಲ್ಲಿ ಒತ್ತಡದ ಹಾರ್ಮೋನುಗಳು, ರಕ್ತದ ಸಕ್ಕರೆ, ಲ್ಯಾಕ್ಟೇಟ್ ಎಲ್ಲವೂ ಬಹಳ ಏರಿದ್ದವು. ಆಪರೇಷನ್ ನಂತರದ ತೊಡಕುಗಳೂ ಅವಕ್ಕೇ ಹೆಚ್ಚು. ಕೂಸನ್ನು ಕೊಲ್ಲಬಹುದೆಂದು ಹೆದರಿದ್ದ ಔಷಧವೇ ಅದನ್ನು ಕಾಯುತ್ತಿತ್ತು.

ಅದೇ ವರ್ಷ ಸಹಲೇಖಕ ಹಿಕಿ ಜೊತೆ ಬರೆದ ವಿಮರ್ಶಾ ಲೇಖನದಲ್ಲಿ ಆನಂದ್ ಮಯಲಿನ್ ವಾದವನ್ನೂ ಬಿಡಿಸಿಟ್ಟರು. ದೊಡ್ಡವರಲ್ಲೂ ನೋವನ್ನು ಒಯ್ಯುವ ಎಷ್ಟೋ ನರತಂತುಗಳಿಗೆ ಮಯಲಿನ್ ಇಲ್ಲ. ಹೊದಿಕೆ ಕಡಿಮೆಯಾದರೆ ಸಂದೇಶ ನಿಧಾನವಾಗುತ್ತದೆ, ಅಷ್ಟೇ. ಪುಟ್ಟ ದೇಹದಲ್ಲಿ ಅದು ಸಾಗಬೇಕಾದ ದಾರಿಯೂ ಚಿಕ್ಕದು. ಇತ್ತ ಅಮೆರಿಕದಲ್ಲಿ, ತನ್ನ ಕೂಸಿಗೆ ಅರಿವಳಿಕೆಯಿಲ್ಲದೆ ಎದೆ ಕೊಯ್ದಿದ್ದರೆಂದು ತಿಳಿದ ತಾಯಿಯೊಬ್ಬಳು ಸುಮ್ಮನಿರಲಿಲ್ಲ. ಪತ್ರ ಬರೆದಳು, ವಿಷಯವನ್ನು ಪತ್ರಿಕೆಗಳವರೆಗೆ ಒಯ್ದಳು. 1987ರಲ್ಲಿ ಅಲ್ಲಿನ ಮಕ್ಕಳ ವೈದ್ಯರ ಅಕಾಡೆಮಿ ನವಜಾತ ಶಿಶುಗಳಿಗೂ ಅರಿವಳಿಕೆ ಕೊಡಬೇಕೆಂದು ಹೇಳಿತು. ಈ ಬದಲಾವಣೆಯಲ್ಲಿ ಆ ತಾಯಿಯ ಪಾಲು ಪ್ರಯೋಗಾಲಯದ ಪಾಲಿಗಿಂತ ಕಡಿಮೆಯದೆಂದು ನಾನು ಒಪ್ಪುವುದಿಲ್ಲ.

ಆದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ (ಎನ್‌ಐಸಿಯು) ಪ್ರತಿ ಬಾರಿ ಚುಚ್ಚಿದಾಗಲೂ ಹಾರ್ಮೋನು ಅಳೆಯಲಾಗದು. ನರ್ಸ್ ಕಣ್ಣಳತೆಯಲ್ಲೇ ಗುರುತಿಸಬೇಕು. ಕೆನಡಾದಲ್ಲಿ ಬಾನಿ ಸ್ಟೀವನ್ಸ್ ತಂಡ 1996ರಲ್ಲಿ ಪ್ರಕಟಿಸಿದ ನೋವಿನ ಮಾಪಕ ಹುಬ್ಬಿನ ಉಬ್ಬು, ಬಿಗಿಮುಚ್ಚಿದ ಕಣ್ಣು, ಮೂಗಿನ ಪಕ್ಕದ ಗೆರೆ, ಎದೆಬಡಿತ, ರಕ್ತದ ಆಮ್ಲಜನಕ ಇವಕ್ಕೆ ಅಂಕ ಕೊಡುತ್ತದೆ. ಅದರಲ್ಲಿ ನನಗೆ ತುಂಬ ಮೆಚ್ಚುಗೆಯಾದ ಅಂಶವೆಂದರೆ, ಗರ್ಭದ ವಾರಗಳು ಕಡಿಮೆಯಿದ್ದಷ್ಟೂ ಕೂಸಿಗೆ ಹೆಚ್ಚು ಅಂಕ. ಎಳೆಯ ಜೀವಕ್ಕೆ ಮುಖ ಕಿವುಚುವ ಶಕ್ತಿಯೂ ಇರುವುದಿಲ್ಲ. ಅದರ ಮೌನವನ್ನು ನೆಮ್ಮದಿಯೆಂದು ತಿಳಿಯಬಾರದು.

ಹಿಮ್ಮಡಿ ಚುಚ್ಚುವಂಥ ಸಣ್ಣ ನೋವಿಗೆ ದೊಡ್ಡ ಔಷಧ ಬೇಕಿಲ್ಲ. ತಾಯಿಯ ಎದೆಗೆ ಮೈಗೆ ಮೈ ತಾಗಿಸಿಟ್ಟುಕೊಳ್ಳುವುದು, ಎದೆಹಾಲು, ವೈದ್ಯರು ಅಳೆದು ನಾಲಗೆಗೆ ಬಿಡುವ ಸುಕ್ರೋಸ್ ಹನಿ ಇವು ಕೆಲಸ ಮಾಡುತ್ತವೆ. ಆದರೂ 2008ರಲ್ಲಿ ಪ್ರಕಟವಾದ ಪ್ಯಾರಿಸ್ ವಲಯದ 430 ಶಿಶುಗಳ ಅಧ್ಯಯನದಲ್ಲಿ, ನೋವು ತರುವ ಪ್ರಕ್ರಿಯೆಗಳಲ್ಲಿ ಶೇ. 79ರಷ್ಟು ನಿರ್ದಿಷ್ಟ ನೋವು ಶಮನವಿಲ್ಲದೆಯೇ ನಡೆದಿದ್ದವು. ನಿಮ್ಮ ಮನೆಯ ಕೂಸು ಎನ್‌ಐಸಿಯುನಲ್ಲಿದ್ದರೆ ಸಂಕೋಚ ಬೇಡ. ಚುಚ್ಚುವ ಮೊದಲು ನೋವಿಗೆ ಏನು ಮಾಡುತ್ತೀರಿ ಎಂದು ಕೇಳಿ, ಆ ಹೊತ್ತಿನಲ್ಲಿ ಕೂಸನ್ನು ಎದೆಗೆ ತೆಗೆದುಕೊಳ್ಳಬಹುದೇ ಎಂದೂ ಕೇಳಿ.