ಗದ್ದೆಯ ಮಣ್ಣಿನಲ್ಲಿ ಅಡಗಿರುವ ಜ್ವರ

ಮಳೆಗಾಲ ಬಂತೆಂದರೆ ನಮ್ಮ ಕಾಯ್ಕಿಣಿಯ ಕಡೆ ಜ್ವರ ಬಾರದ ಮನೆಯೇ ಇಲ್ಲವೆನ್ನಬೇಕು. ಶುಂಠಿ-ಕಾಳುಮೆಣಸಿನ ಕಷಾಯ ಕುಡಿಸಿ, ಗಂಜಿ ಹಾಕಿ, ಎರಡು ದಿನ ಕಂಬಳಿ ಹೊದೆಸಿ ಮಲಗಿಸಿದರೆ ಇಳಿದೇ ಇಳಿಯುತ್ತದೆ ಎಂಬುದು ನಮ್ಮ ಹೆಂಗಸರ ಧೈರ್ಯ. ನಮ್ಮ ಭಾವನವರಿಗೆ ಬಂದ ಜ್ವರ ಮಾತ್ರ ಇಳಿಯಲಿಲ್ಲ.

ಅವರಿಗೆ ಮೊದಲೇ ಸಕ್ಕರೆ ಕಾಯಿಲೆ. ನಟ್ಟಿ ಮುಗಿದ ಮೇಲೆ ಜ್ವರ, ಕೆಮ್ಮು ಶುರುವಾಯಿತು, ಮೈ ಇಳಿಯಿತು. ಎಕ್ಸ್‌ರೇಯಲ್ಲಿ ಶ್ವಾಸಕೋಶದ ಮೇಲೆ ಕಲೆ ಕಂಡಿತು. ಪೇಟೆಯ ಒಂದು ಆಸ್ಪತ್ರೆಯಲ್ಲಿ, ಕಫದಲ್ಲಿ ಕ್ರಿಮಿ ಕಾಣದಿದ್ದರೂ, ಕ್ಷಯವೇ ಇರಬೇಕೆಂದು ಮಾತ್ರೆ ಕೊಟ್ಟರು. ನನ್ನ ಓರಗಿತ್ತಿ, ನಾನು ಅಕ್ಕ ಎಂದೇ ಕರೆಯುವುದು, ಅವರ ತಟ್ಟೆ-ಲೋಟ ಬೇರೆ ಇಟ್ಟಳು. ಮೊಮ್ಮಕ್ಕಳನ್ನು ಹತ್ತಿರ ಬಿಡಲಿಲ್ಲ. ಮೂರು ತಿಂಗಳು ಮಾತ್ರೆ ನುಂಗಿದರೂ ಜ್ವರ ಬಿಡಲಿಲ್ಲ. ಕಡೆಗೆ ತೊಡೆಯಲ್ಲಿ ಕೀವು ತುಂಬಿದ ಗಡ್ಡೆ ಎದ್ದಾಗ ಮಣಿಪಾಲಕ್ಕೆ ಕರೆದೊಯ್ದರು. ಅಲ್ಲಿ ಕೀವು, ರಕ್ತ ಎರಡನ್ನೂ ಕಲ್ಚರ್ ಪರೀಕ್ಷೆಗೆ ಹಾಕಿದರು.

ನಾಲ್ಕಾರು ದಿನಗಳ ಮೇಲೆ ಅಕ್ಕನ ಫೋನು. "ತಂಗೀ, ಇದು ಕ್ಷಯ ಅಲ್ಲವಂತೆ. ಮಣ್ಣಿನಿಂದ ಬಂದದ್ದಂತೆ. ಅದರ ಹೆಸರು ನನ್ನ ಬಾಯಲ್ಲಿ ಹೊರಳುವುದೇ ಇಲ್ಲ ನೋಡು. ಸುಮ್ಮನೆ ಮಕ್ಕಳನ್ನು ಅವರಿಂದ ದೂರ ಇಟ್ಟೆನಲ್ಲೇ!" ಎಂದು ಅತ್ತುಬಿಟ್ಟಳು.

ಆ ಹೆಸರು ಮೆಲಿಯೊಯ್ಡೋಸಿಸ್. ನನ್ನಂಥ ಹೈಸ್ಕೂಲು ಓದಿದವಳಿಗೂ ಅದು ಒಮ್ಮೆಗೇ ಬಾಯಿಗೆ ಬರಲಿಲ್ಲ. ಆಮೇಲೆ ಕೇಳಿ, ಓದಿ ತಿಳಿದದ್ದನ್ನು ಸೋದರಿಯರ ಮುಂದೆ ಇಡುತ್ತಿದ್ದೇನೆ.

ಈ ರೋಗವನ್ನು ಮೊದಲು ಗುರುತಿಸಿದ್ದು 1911ರಲ್ಲಿ, ಬರ್ಮಾದ ರಂಗೂನಿನಲ್ಲಿ. ಆಗ ಬರ್ಮಾವೂ ಬ್ರಿಟಿಷ್ ಇಂಡಿಯಾಕ್ಕೇ ಸೇರಿತ್ತು. ಆಲ್ಫ್ರೆಡ್ ವಿಟ್‌ಮೋರ್ ಎಂಬ ವೈದ್ಯರೂ ಅವರ ಸಹಾಯಕರಾದ ಸಿ. ಎಸ್. ಕೃಷ್ಣಸ್ವಾಮಿಯವರೂ, ಮಾರ್ಫಿಯಾ ಚುಚ್ಚಿಕೊಳ್ಳುವ ಚಟವಿದ್ದ ಬಡವರ ಹೆಣಗಳಲ್ಲಿ ಇದನ್ನು ಕಂಡರು. ಕೃಷ್ಣಸ್ವಾಮಿ ಎಂಬ ಹೆಸರು ಕೇಳಿದರೇ ನಮ್ಮ ದಕ್ಷಿಣದವರೆನಿಸುತ್ತದೆ, ಅಲ್ಲವೇ? ಕುದುರೆ, ಕತ್ತೆಗಳಿಗೆ ಬರುವ ಗ್ಲಾಂಡರ್ಸ್ ಎಂಬ ರೋಗದಂತೆಯೇ ಇದೆ, ಆದರೆ ಅದಲ್ಲ ಎಂದು ಅವರು 1912ರಲ್ಲಿ ಬರೆದರು.

ಈ ಎರಡು ರೋಗಗಳ ಕ್ರಿಮಿಗಳು ಒಂದೇ ಮನೆತನದವು. ಮೆಲಿಯೊಯ್ಡೋಸಿಸ್ ಕ್ರಿಮಿ ಮಣ್ಣು-ನೀರಿನಲ್ಲಿ ಸ್ವತಂತ್ರವಾಗಿ ಬದುಕುತ್ತದೆ. ಅದರದೇ ಒಂದು ಕವಲು ಬಹಳ ಹಿಂದೆ ಪ್ರಾಣಿಯ ಮೈ ಸೇರಿ, ತನ್ನ ಜೀನುಗಳಲ್ಲಿ ಎಷ್ಟನ್ನೋ ಕಳೆದುಕೊಂಡು ಗ್ಲಾಂಡರ್ಸ್ ಕ್ರಿಮಿಯಾಯಿತಂತೆ. ಈಗ ಅದಕ್ಕೆ ಮಣ್ಣಿನಲ್ಲಿ ಬಾಳಲಾಗದು. ನಮ್ಮೂರಿನಿಂದ ಮುಂಬಯಿಗೆ ಹೋಗಿ ಎರಡು ತಲೆಮಾರಿನಲ್ಲಿ ಉಳುಮೆ ಮರೆತ ಮನೆಗಳ ಹಾಗೆ! ಈ ಮನೆತನದ ಹೆಸರು ಬರ್ಕ್‌ಹೋಲ್ಡೇರಿಯಾ. ಈರುಳ್ಳಿ ಕೊಳೆಸುವ ಕ್ರಿಮಿಯನ್ನು 1950ರಲ್ಲಿ ವಿವರಿಸಿದ ಬರ್ಕ್‌ಹೋಲ್ಡರ್ ಎಂಬ ಅಮೆರಿಕದ ವಿಜ್ಞಾನಿಯ ಹೆಸರನ್ನು 1992ರಲ್ಲಿ ಇಟ್ಟರು. ಬುಟ್ಟಿಯ ತಳದಲ್ಲಿ ಹುಳಿನಾತ ಹೊಡೆಯುವ ಈರುಳ್ಳಿ ಸಿಕ್ಕಾಗಲೆಲ್ಲ ನನಗೀಗ ಇದೇ ನೆನಪು.

ನಮ್ಮ ಕರಾವಳಿಗೂ ಇದಕ್ಕೂ ಏನು ಸಂಬಂಧವೆಂದರೆ, ಈ ಕ್ರಿಮಿಗೆ ಬೇಕಾದ್ದೆಲ್ಲ ಇಲ್ಲಿದೆ. ಬಿಸಿಲು, ನೀರು ನಿಂತ ಭತ್ತದ ಗದ್ದೆ, ಧಾರಾಕಾರ ಮಳೆ. ಮಳೆ ಹೊಯ್ದಾಗ ಆಳದ ಮಣ್ಣಿನಿಂದ ಮೇಲಕ್ಕೆ ಬರುತ್ತದೆ. ಕಾಲಿನ ಸೀಳು, ಗಾಯಗಳ ಮೂಲಕ, ಕೆಲವೊಮ್ಮೆ ಉಸಿರಿನ ಮೂಲಕ, ಕುಡಿಯುವ ನೀರಿನ ಮೂಲಕ ಒಳಗೆ ಹೋಗುತ್ತದೆ. ಮೈಸೂರಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯದವರು ಮಲಬಾರ್ ಕರಾವಳಿಯ ಮಣ್ಣು ತಂದು ಹುಡುಕಿ, ಅದರಲ್ಲಿ ಈ ಕ್ರಿಮಿ ಇರುವುದನ್ನು 2016ರಲ್ಲಿ ಪ್ರಕಟಿಸಿದರು. ಮಣಿಪಾಲದ ಕಸ್ತೂರಬಾ ಮೆಡಿಕಲ್ ಕಾಲೇಜಿನಲ್ಲಿ ಡಾ. ಚಿರಂಜಯ್ ಮುಖ್ಯೋಪಾಧ್ಯಾಯ ಮತ್ತು ಜೊತೆಗಾರರು ಈ ರೋಗದ ಬಗ್ಗೆ ವರ್ಷಗಟ್ಟಲೆ ದುಡಿದಿದ್ದಾರೆ. ಕಲ್ಚರ್‌ಗೆ ದಿನಗಟ್ಟಲೆ ಕಾಯಬೇಕಲ್ಲ, ಅದಕ್ಕಾಗಿ ಪಟ್ಟಿಯ ಮೇಲೆ ಬೇಗ ಗೆರೆ ಮೂಡಿಸುವ ಪರೀಕ್ಷೆಯೊಂದು ಎಷ್ಟು ನಂಬಿಕೆಗೆ ಅರ್ಹವೆಂಬುದನ್ನೂ ಅಲ್ಲಿ ಒರೆಹಚ್ಚಿ 2018ರಲ್ಲಿ ವರದಿ ಮಾಡಿದರು.

ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 1,65,000 ಜನರಿಗೆ ಈ ರೋಗ ತಗಲಿ, 89,000 ಜನ ಸಾಯುತ್ತಾರೆಂದು 2016ರ ಒಂದು ಅಂದಾಜು. ಅದರಲ್ಲಿ ದಕ್ಷಿಣ ಏಷ್ಯಾದ ಪಾಲೇ ಹೆಚ್ಚು. ಇಷ್ಟಿದ್ದೂ ನಮಗೆ ಹೆಸರು ಗೊತ್ತಿಲ್ಲ. ಯಾಕೆಂದರೆ ಇದು ಒಬ್ಬರಲ್ಲಿ ನ್ಯುಮೋನಿಯಾದಂತೆ, ಇನ್ನೊಬ್ಬರಲ್ಲಿ ಕ್ಷಯದಂತೆ, ಮತ್ತೊಬ್ಬರಲ್ಲಿ ಯಕೃತ್ತಿನ ಅಥವಾ ಗುಲ್ಮದ ಕೀವಿನಂತೆ ವೇಷ ಹಾಕುತ್ತದೆ.

ಸಕ್ಕರೆ ಕಾಯಿಲೆಯವರ ಮೇಲೆ ಇದಕ್ಕೆ ವಿಶೇಷ ಕಣ್ಣು. ಮೂತ್ರಪಿಂಡದ ತೊಂದರೆಯವರು, ಕುಡಿತದವರೂ ಜೋಕೆಯಿಂದಿರಬೇಕು. ಮನೆಯಲ್ಲಿ ಅಂಥವರಿದ್ದು, ಮಳೆಗಾಲದಲ್ಲಿ ಜ್ವರ ಬಿಡದಿದ್ದರೆ, "ಇವರಿಗೆ ಸಕ್ಕರೆ ಇದೆ, ಗದ್ದೆಗೆ ಇಳಿದಿದ್ದರು, ರಕ್ತದ ಕಲ್ಚರ್ ಮಾಡಿಸಬಹುದೇ ಡಾಕ್ಟ್ರೇ?" ಎಂದು ಬಾಯಿಬಿಟ್ಟು ಕೇಳಿ. ನಾಚಿಕೆ ಬೇಡ. ಮಾಮೂಲಿನ ಹಲವು ಆ್ಯಂಟಿಬಯಾಟಿಕ್ ಔಷಧಿಗಳಿಗೆ ಈ ಕ್ರಿಮಿ ಬಗ್ಗುವುದಿಲ್ಲ, ಆದ್ದರಿಂದ ಹೆಸರು ಹಿಡಿಯುವುದೇ ಅರ್ಧ ಕೆಲಸ. ಮನುಷ್ಯರಿಂದ ಮನುಷ್ಯರಿಗೆ ಹರಡುವುದು ತೀರಾ ಅಪರೂಪ. ತಟ್ಟೆ-ಲೋಟ ಬೇರೆ ಇಡಬೇಕಾಗಿಲ್ಲ.

ಚಿಕಿತ್ಸೆ ಮಾತ್ರ ಉದ್ದ. ಕನಿಷ್ಠ ಹತ್ತು-ಹದಿನಾಲ್ಕು ದಿನ ನರದ ಮೂಲಕ ಔಷಧಿ, ಆಮೇಲೆ ಮೂರು ತಿಂಗಳೋ ಅದಕ್ಕಿಂತ ಹೆಚ್ಚೋ ಮಾತ್ರೆ. ಭಾವನವರು ಇಲ್ಲೇ ಎಡವಿದರು. ಒಂದು ತಿಂಗಳಿಗೆ ಮೈ ತುಂಬಿಕೊಂಡಿತು, ಊಟ ರುಚಿಸಿತು, ಮಾತ್ರೆ ತಿಂದರೆ ಹೊಟ್ಟೆ ತೊಳಸುತ್ತದೆಂದು ನಿಲ್ಲಿಸಿಬಿಟ್ಟರು. ಅಕ್ಕನಿಗೂ ಹೇಳಲಿಲ್ಲ. ಹೋಳಿ ಕಳೆಯುವಷ್ಟರಲ್ಲಿ ಮತ್ತೆ ಅದೇ ಜ್ವರ, ಮತ್ತೆ ಮೊದಲಿನಿಂದ ಸೂಜಿ. ಎರಡನೇ ಸಲ ಅಕ್ಕ ಕ್ಯಾಲೆಂಡರಿನಲ್ಲಿ ದಿನಾ ಗೀಟು ಹಾಕಿ, ಎದುರೇ ನಿಂತು ನುಂಗಿಸಿದಳು. ಈಗ ಹುಷಾರಾಗಿದ್ದಾರೆ, ಮೊಮ್ಮಗ ತೊಡೆ ಬಿಟ್ಟು ಇಳಿಯುವುದಿಲ್ಲ.

ಇದಕ್ಕೆ ಲಸಿಕೆ ಇನ್ನೂ ಇಲ್ಲ. ಗಾಯ ಮುಚ್ಚಿಕೊಂಡು ಕೆಸರಿಗಿಳಿಯುವುದು, ಬಂದೊಡನೆ ಸೋಪಿನಿಂದ ಕೈಕಾಲು ತೊಳೆಯುವುದು, ಮಳೆಗಾಲದಲ್ಲಿ ಬಾವಿ ನೀರನ್ನು ಕುದಿಸುವುದು, ಸಕ್ಕರೆಯನ್ನು ಹತೋಟಿಯಲ್ಲಿಡುವುದು ನಮ್ಮ ಕೈಲಿರುವ ದಾರಿ. ಗಮ್‌ಬೂಟು ಹಾಕಿ ಎನ್ನುತ್ತಾರೆ. ಕಳೆದ ಮಳೆಗಾಲ ಅಕ್ಕ ಭಟ್ಕಳದಿಂದ ಎರಡು ಜೊತೆ ತರಿಸಿದಳು. ಭಾವನವರು ತೋಟಕ್ಕೆ ಹಾಕಿಕೊಂಡು ಹೋಗುತ್ತಾರೆ. ನಟ್ಟಿಗೆ ಬರುವ ಹೆಂಗಸರು ಮಾತ್ರ ಒಂದು ಸಾಲು ನೆಡುವಷ್ಟರಲ್ಲಿ, "ಅಮ್ಮಾ, ಕಾಲು ಮೇಲೆ ಬರುತ್ತದೆ, ಬೂಟು ಕೆಸರಲ್ಲೇ ಉಳಿಯುತ್ತದೆ" ಎಂದು ನಗುತ್ತಾ ಬಿಚ್ಚಿ ಬದುವಿನ ಮೇಲಿಟ್ಟರು.